ದಾಯಾದಿಗಳಿಗೆ ಹೆದರಿದ ದೊರೆಗಳು, ರಾಜ್ಯ ಹಂಚಿಕೊಂಡ ಮಂತ್ರಿಗಳು: ಪ್ರಾಚೀನ ಚೀನಾದ ಜಿನ್ ಒಡೆದದ್ದು ಹೇಗೆ?

ಪ್ರಶ್ನೆ: ಪ್ರಾಚೀನ ಚೀನಾದಲ್ಲಿ ಜಿನ್ ಎಂಬ ರಾಜ್ಯ ನೂರು ವರ್ಷಗಳಿಗೂ ಹೆಚ್ಚು ಕಾಲ ಇತರ ರಾಜ್ಯಗಳಿಗೆ ನಾಯಕನಾಗಿತ್ತೆಂದೂ, ಕೊನೆಗೆ ಅದರ ಮಂತ್ರಿಗಳೇ ಅದನ್ನು ಮೂರು ಪಾಲು ಮಾಡಿಕೊಂಡರೆಂದೂ ಓದಿದ್ದೇನೆ. ಹೊರಗಿನ ಶತ್ರುವಿಗೆ ಮಣಿಯದ ರಾಜ್ಯ ಒಳಗಿನವರ ಪಾಲಾದದ್ದು ಹೇಗೆ? ಅಲ್ಲಿನ ದೊರೆಗಳು ಅಷ್ಟೊಂದು ಅಸಮರ್ಥರಾಗಿದ್ದರೇ? ರಾಜ್ಯ ಒಡೆದ ವರ್ಷವನ್ನು ಒಂದು ಕಡೆ ಕ್ರಿ.ಪೂ. 453 ಎಂದೂ ಇನ್ನೊಂದು ಕಡೆ 403 ಎಂದೂ ಕೊಟ್ಟಿರುವುದೇಕೆ? ಹಾಗೆ ಹುಟ್ಟಿದ ಮೂರು ರಾಜ್ಯಗಳಲ್ಲಿ ಅದೇ ಕಥೆ ಮರುಕಳಿಸಲಿಲ್ಲವೇ?

ಉತ್ತರ: ಅಸಮರ್ಥ ದೊರೆಗಳು ಜಿನ್‌ನಲ್ಲಿಯೂ ಇದ್ದರು, ಆದರೆ ರಾಜ್ಯ ಕೈತಪ್ಪಿದ್ದಕ್ಕೆ ಅವರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಹಾನಿಗೆ ಕಾರಣರಾದವರು ಅಲ್ಲಿನ ಅತ್ಯಂತ ಸಮರ್ಥ ದೊರೆಗಳೇ. ಸ್ವಂತ ದಾಯಾದಿಗಳಿಗೆ ಹೆದರಿ ಅವರನ್ನು ಬೇರುಸಹಿತ ಕಿತ್ತವರು, ತೆರವಾದ ಜಾಗಕ್ಕೆ ಮಂತ್ರಿ ಮನೆತನಗಳನ್ನು ತಂದು ಕೂರಿಸಿದವರು, ಸೈನ್ಯ, ಆಡಳಿತ, ಭೂಮಿ ಈ ಮೂರೂ ಅವೇ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಇಳಿದುಬರುವಂತೆ ಮಾಡಿದವರು ಅವರು. ಇದು ಹೇಗೆ ನಡೆಯಿತೆಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಇಲ್ಲಿ ಬರುವ ರಾಜಕೀಯ ಘಟನೆಗಳ ವರ್ಷಗಳೆಲ್ಲ ಕ್ರಿಸ್ತಪೂರ್ವದವು.

ಜಿನ್‌ನ ಮೂಲಪುರುಷ, ಆಗ ಚೀನಾದ ರಾಜ್ಯಗಳಿಗೆಲ್ಲ ಮೇಲಿನ ಅರಸರಾಗಿದ್ದ ಝೌ ವಂಶದ ಚೆಂಗ್ ಅರಸನ ತಮ್ಮ. ಈಗಿನ ಶಾನ್‌ಶಿ ಪ್ರಾಂತ್ಯದ ದಕ್ಷಿಣದಲ್ಲಿ, ಫೆನ್ ನದಿಯ ಕಣಿವೆಯಲ್ಲಿ ಆತನಿಗೆ ನೆಲ ಸಿಕ್ಕಿತು. ಝೌ ಅರಸರು ತಮ್ಮ ಬಂಧುಗಳನ್ನು ದೂರದೂರದ ನಾಡುಗಳಿಗೆ ದೊರೆಗಳಾಗಿ ಕಳುಹಿಸಿದಂತೆಯೇ, ಆ ದೊರೆಗಳೂ ತಮ್ಮ ತಮ್ಮಂದಿರಿಗೆ, ಕಿರಿಯ ಮಕ್ಕಳಿಗೆ ಊರುಗಳನ್ನು ಉಂಬಳಿಯಾಗಿ ಕೊಡುತ್ತಿದ್ದರು. ಹಿರಿಯ ಮಗನಿಗೆ ಸಿಂಹಾಸನ, ಕಿರಿಯರಿಗೆ ಊರು ಎಂಬ ಈ ಏರ್ಪಾಡಿನಲ್ಲಿ ಕೊಟ್ಟ ಊರು ರಾಜಧಾನಿಗಿಂತ ಚಿಕ್ಕದಾಗಿರಬೇಕು ಎಂಬುದು ಎಲ್ಲರೂ ಬಲ್ಲ ಎಚ್ಚರಿಕೆಯಾಗಿತ್ತು. 745ರಲ್ಲಿ ಜಿನ್‌ನ ಝಾವ್ ದೊರೆ ಇದನ್ನು ಮರೆತು, ರಾಜಧಾನಿ ಯೀಗಿಂತಲೂ ದೊಡ್ಡದಾದ ಚೂವೋ ಎಂಬ ಊರನ್ನು ತನ್ನ ಚಿಕ್ಕಪ್ಪನಿಗೆ ಕೊಟ್ಟನು. ಅಲ್ಲಿಂದ ಮುಂದೆ ಅರವತ್ತೇಳು ವರ್ಷ ಹಿರಿಯ ಶಾಖೆಗೂ ಚೂವೋದ ಕಿರಿಯ ಶಾಖೆಗೂ ನಡೆದ ದಾಯಾದಿ ಕಲಹದಲ್ಲಿ ಹಿರಿಯ ಶಾಖೆಯ ದೊರೆಗಳು ಒಬ್ಬರ ಹಿಂದೊಬ್ಬರು ಕೊಲೆಯಾದರು. 678ರಲ್ಲಿ ಚೂವೋದ ವೂ ಕೊನೆಯ ದೊರೆಯನ್ನು ಕೊಂದು, ಲೂಟಿಯಲ್ಲಿ ಸಿಕ್ಕ ನಿಧಿಯನ್ನು ಝೌ ಅರಸನಿಗೆ ಕಾಣಿಕೆ ಕಳುಹಿಸಿ, ತಾನೇ ಜಿನ್‌ನ ದೊರೆಯೆಂಬ ಮಾನ್ಯತೆ ಪಡೆದನು. ಕಾಣಿಕೆ ಪಡೆದು ಕೊಲೆಗಾರನಿಗೆ ಪಟ್ಟ ಒಪ್ಪಿಸಿದ ಆ ಮುದ್ರೆಯನ್ನು ನೆನಪಿಡಿ, ಏಕೆಂದರೆ 403ರಲ್ಲಿ ನಡೆದದ್ದು ಹೊಸದೇನಲ್ಲ.

ವೂನ ಮಗ ಶಿಯೆನ್ ದೊರೆ (ಆಳ್ವಿಕೆ 676ರಿಂದ 651) ಜಿನ್ ಕಂಡ ದೊಡ್ಡ ವಿಜೇತರಲ್ಲೊಬ್ಬ. ತನ್ನ ಮನೆ ಮೇಲೇರಿದ್ದು ಯಾವ ದಾರಿಯಿಂದ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು, ಆ ದಾರಿಯಲ್ಲಿ ಇನ್ನೊಬ್ಬರು ಬರದಂತೆ ನೋಡಿಕೊಳ್ಳುವುದು ಆತನ ಮೊದಲ ಚಿಂತೆಯಾಯಿತು. ಶಿ ವೇ ಎಂಬ ಸಲಹೆಗಾರನ ತಂತ್ರದಂತೆ ಅಜ್ಜ, ಮುತ್ತಜ್ಜರ ಸಂತತಿಯ ದಾಯಾದಿಗಳಲ್ಲೇ ಒಡಕು ಹುಟ್ಟಿಸಿ, ಒಬ್ಬರ ಕೈಯಿಂದ ಇನ್ನೊಬ್ಬರನ್ನು ಮುಗಿಸಿ, 669ರಲ್ಲಿ ಉಳಿದವರನ್ನೆಲ್ಲ ಒಂದೇ ಊರಿನಲ್ಲಿ ನೆಲೆಗೊಳಿಸಿ ಮುತ್ತಿಗೆ ಹಾಕಿ ಕೊಲ್ಲಿಸಿದನು. ಹದಿಮೂರು ವರ್ಷಗಳ ಬಳಿಕ ಸರದಿ ಸ್ವಂತ ಮಕ್ಕಳಿಗೆ ಬಂತು. ಮೆಚ್ಚಿನ ರಾಣಿ ಲೀ ಜಿ ತನ್ನ ಮಗನಿಗೆ ಪಟ್ಟ ಕಟ್ಟಿಸಲು, ಯುವರಾಜ ಶೆನ್‌ಶೆಂಗ್ ಕಳುಹಿಸಿದ್ದ ನೈವೇದ್ಯದ ಮಾಂಸಕ್ಕೆ ವಿಷ ಬೆರೆಸಿ ಆರೋಪವನ್ನು ಅವನ ಮೇಲೆ ಹೊರಿಸಿದಳು. 656ರಲ್ಲಿ ಯುವರಾಜ ಆತ್ಮಹತ್ಯೆ ಮಾಡಿಕೊಂಡನು, ಅವನ ಇಬ್ಬರು ತಮ್ಮಂದಿರು ಪರನಾಡುಗಳಿಗೆ ಓಡಿಹೋದರು. ಪಟ್ಟಕ್ಕೆ ಬಾರದ ರಾಜಕುಮಾರರನ್ನು ಇನ್ನು ಮುಂದೆ ರಾಜ್ಯದಲ್ಲಿ ಇರಗೊಡುವುದಿಲ್ಲವೆಂದು ದೇವರ ಮುಂದೆ ಆಣೆ ಹಾಕಿಸಲಾಯಿತೆಂದು ಆ ಕಾಲದ ಮುಖ್ಯ ಆಕರವಾದ ಝುವೋ ಇತಿಹಾಸ ಹೇಳುತ್ತದೆ. ಲೀ ಜಿಯ ಮಗ ಪಟ್ಟದ ಮೇಲೆ ತಿಂಗಳುಗಟ್ಟಲೆಯೂ ಉಳಿಯಲಿಲ್ಲ, ಆಣೆ ಮಾತ್ರ ತಲೆಮಾರುಗಳ ಕಾಲ ಉಳಿಯಿತು.

ಇದೇ ಶಿಯೆನ್ ದೊರೆ 661ರಲ್ಲಿ ನೆರೆಯ ಮೂರು ಸಣ್ಣ ರಾಜ್ಯಗಳನ್ನು ಗೆದ್ದುಕೊಂಡನು. ಆ ದಂಡಯಾತ್ರೆಯಲ್ಲಿ ಆತನ ರಥದ ಸಾರಥಿ ಝಾವೋ ಸು, ಬಲಬದಿಯ ಯೋಧ ಬಿ ವಾನ್. ಗೆದ್ದ ಗೆಂಗ್ ಎಂಬ ನಾಡು ಸಾರಥಿಗೆ ಸಿಕ್ಕಿತು, ವೇ ಎಂಬ ನಾಡು ಯೋಧನಿಗೆ ಸಿಕ್ಕಿತು. ಮುಂದೆ ಜಿನ್ ರಾಜ್ಯವನ್ನು ಹಂಚಿಕೊಂಡ ಮೂರು ಮನೆತನಗಳ ಪೈಕಿ ಝಾವೋ, ವೇ ಎರಡೂ ಹೊರಟದ್ದು ಆ ಒಂದೇ ರಥದಿಂದ. ಮೂರನೆಯದಾದ ಹಾನ್ ಮನೆತನದ ಮೂಲಪುರುಷನೂ ಚೂವೋದ ವೂನ ಸಾರಥಿಯಾಗಿದ್ದವನೇ. ಈ ಹಾನ್‌ಗೂ ಬಹಳ ಕಾಲದ ನಂತರ ಬಂದ ಹಾನ್ ಸಾಮ್ರಾಜ್ಯಕ್ಕೂ ಸಂಬಂಧವಿಲ್ಲ. ಸಾಂಪ್ರದಾಯಿಕ ವಂಶಾವಳಿಯ ಪ್ರಕಾರ ಹಾನ್‌ಗಳು ಚೂವೋ ಶಾಖೆಯ ಕವಲು, ಮುಂದೆ ಹೆಸರು ಬರುವ ಲುವಾನ್, ಷೀ ಮನೆತನಗಳೂ ದೊರೆ ಕುಲದ ದೂರದ ಕವಲುಗಳೇ. ಆದರೆ ಸಿಂಹಾಸನದ ಹಕ್ಕು ಕೇಳುವಷ್ಟು ಹತ್ತಿರದವರಲ್ಲ, ದೊರೆಗೆ ಬೇಕಾದದ್ದು ಆ ದೂರವೇ. ಮಗ, ತಮ್ಮ, ಚಿಕ್ಕಪ್ಪ ಎದ್ದರೆ ಪಟ್ಟ ಹೋಗುತ್ತದೆ, ಸಾರಥಿಯ ಮಗ ಎಷ್ಟೇ ಬೆಳೆದರೂ ಪಟ್ಟ ಕೇಳಲಾರ ಎಂಬುದು ಲೆಕ್ಕಾಚಾರ. ಆ ಕಾಲದ ಮಟ್ಟಿಗೆ ಅದು ತಪ್ಪು ಲೆಕ್ಕವೂ ಆಗಿರಲಿಲ್ಲ.

ಓಡಿಹೋಗಿದ್ದ ತಮ್ಮಂದಿರಲ್ಲಿ ಹಿರಿಯನಾದ ಚೊಂಗರ್ ಹತ್ತೊಂಬತ್ತು ವರ್ಷ ಪರದೇಶಗಳಲ್ಲಿ ಅಲೆದು 636ರಲ್ಲಿ ವೆನ್ ದೊರೆಯಾಗಿ ಮರಳಿದನು. ಜೊತೆಗೆ ಅಲೆದ ಸಂಗಾತಿಗಳಿಗೆ, ಅವರಲ್ಲಿ ಝಾವೋ ಮನೆತನದವನೂ ವೇ ಮನೆತನದವನೂ ಇದ್ದರು, ಅಧಿಕಾರ ಹಂಚುವುದು ಸಹಜವೇ ಆಗಿತ್ತು. 633ರಲ್ಲಿ ಆತ ಮೂರು ಸೈನ್ಯಗಳನ್ನು ಕಟ್ಟಿ, ಪ್ರತಿಯೊಂದಕ್ಕೂ ಒಬ್ಬ ದಂಡನಾಯಕ, ಒಬ್ಬ ಉಪದಂಡನಾಯಕನನ್ನು ನೇಮಿಸಿದನು. ಮರುವರ್ಷ ಚೆಂಗ್‌ಪುವಿನಲ್ಲಿ ದಕ್ಷಿಣದ ಚು ರಾಜ್ಯವನ್ನು ಸೋಲಿಸಿ ಜಿನ್ ಎಲ್ಲ ರಾಜ್ಯಗಳ ನಾಯಕನಾಯಿತು. ಈ ಆರು ದಂಡನಾಯಕರೇ ಶಾಂತಿಕಾಲದಲ್ಲಿ ಮಂತ್ರಿಮಂಡಲ, ನಡು ಸೈನ್ಯದ ದಂಡನಾಯಕನೇ ಪ್ರಧಾನ ಮಂತ್ರಿ. ದಂಡನಾಯಕ ಯುದ್ಧಕ್ಕೆ ತರುತ್ತಿದ್ದ ರಥಗಳಲ್ಲಿ, ಕಾಲಾಳುಗಳಲ್ಲಿ ಒಂದು ಪಾಲು ಅವನ ಸ್ವಂತ ಉಂಬಳಿಯ ಊರುಗಳಿಂದಲೇ ಬರುತ್ತಿತ್ತು, ಗೆದ್ದ ನೆಲದಲ್ಲಿ ಒಂದು ಪಾಲು ಮತ್ತೆ ಅವನಿಗೇ ಸೇರುತ್ತಿತ್ತು. ಜಿನ್ ಎಷ್ಟೆಷ್ಟು ಯುದ್ಧ ಗೆದ್ದಿತೋ ದೊರೆಯ ಕೀರ್ತಿ ಅಷ್ಟಷ್ಟು ಬೆಳೆಯಿತು, ಮಂತ್ರಿಗಳ ಉಗ್ರಾಣವೂ ಬೆಳೆಯಿತು. ಕೀರ್ತಿ ಆಯಾ ದೊರೆಯೊಡನೆ ಮುಗಿಯುತ್ತಿತ್ತು, ಉಗ್ರಾಣ ಮಗನಿಗೆ ಹೋಗುತ್ತಿತ್ತು.

ಇಡೀ ಕಥೆಯ ತಿರುವು ಯಾವುದೆಂದು ಕೇಳಿದರೆ ನಾನು ತೋರಿಸುವುದು ಎಲ್ಲರೂ ಹೇಳುವ 453 ಅಥವಾ 403ನ್ನಲ್ಲ, 607ನ್ನು. ಆ ವರ್ಷ ಪ್ರಧಾನ ಮಂತ್ರಿ ಝಾವೋ ದುನ್‌ನ ಬಂಧುವೊಬ್ಬ ಲಿಂಗ್ ದೊರೆಯನ್ನು ಕೊಂದನು. ಝಾವೋ ದುನ್ ಆಗ ದೇಶ ಬಿಟ್ಟು ಹೊರಟಿದ್ದವನು ಗಡಿ ದಾಟುವ ಮುನ್ನವೇ ಹಿಂದಿರುಗಿದನು. ಆಸ್ಥಾನದ ಇತಿಹಾಸಕಾರ ದೊಂಗ್ ಹೂ, "ಝಾವೋ ದುನ್ ತನ್ನ ದೊರೆಯನ್ನು ಕೊಂದನು" ಎಂದು ಬರೆದು ಸಭೆಯಲ್ಲಿ ತೋರಿಸಿದ್ದು ಚೀನಾದಲ್ಲಿ ಇಂದಿಗೂ ಇತಿಹಾಸಕಾರನ ನಿರ್ಭೀತಿಗೆ ಮಾದರಿ. ಈ ಪ್ರಸಂಗದ ಥಳುಕಿನಲ್ಲಿ ಅದರ ಬೆನ್ನಿಗೇ ಬರುವ ಒಂದು ಸಣ್ಣ ಟಿಪ್ಪಣಿ ಓದುಗರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಹೊಸ ದೊರೆ ಮಂತ್ರಿಗಳ ಹಿರಿಯ ಮಕ್ಕಳಿಗೆ ಹುದ್ದೆಯನ್ನೂ ಭೂಮಿಯನ್ನೂ ಕೊಟ್ಟು, ಅವರನ್ನು "ದೊರೆಯ ಕುಲ" ಎಂಬ ಪದವಿಗೆ ಸೇರಿಸಿದನಂತೆ. ದೊರೆಯ ನಿಜವಾದ ತಮ್ಮಂದಿರು ಪರದೇಶಗಳಲ್ಲಿ, ದೊರೆಯ ಕುಲವೆಂಬ ಹೆಸರು ಮಂತ್ರಿಗಳ ಮಕ್ಕಳಿಗೆ! ಸಿಂಹಾಸನದ ಸುತ್ತ ರಕ್ತಸಂಬಂಧಿಗಳೆಂಬ ಬೇಲಿ ಅಂದಿಗೆ ಕಾನೂನುಬದ್ಧವಾಗಿಯೇ ಬೇರೆಯವರದಾಯಿತು.

ಬೇಲಿಯಿಲ್ಲದ ದೊರೆಯ ಪಾಡೇನೆಂಬುದನ್ನು 574ರಲ್ಲಿ ಲೀ ದೊರೆ ಕಂಡುಕೊಂಡನು. ಮಂತ್ರಿಗಳ ಬಲ ಮುರಿಯಬೇಕೆಂಬ ಆತನ ನಿರ್ಧಾರದಲ್ಲಿ ತಪ್ಪಿರಲಿಲ್ಲ, ಆದರೆ ಆ ಕೆಲಸಕ್ಕೆ ಆತನ ಬಳಿ ಇದ್ದವರು ಬೆರಳೆಣಿಕೆಯ ಮೆಚ್ಚಿನವರು ಮಾತ್ರ. ಅವರ ಕೈಯಿಂದ ಷೀ ಮನೆತನದ ಮೂವರು ಮಂತ್ರಿಗಳನ್ನು ಒಂದೇ ದಿನ ಕೊಲ್ಲಿಸಿದನು. ಲುವಾನ್ ಶೂ, ಝೊಂಗ್‌ಹಾಂಗ್ ಯೆನ್ ಎಂಬ ಇನ್ನಿಬ್ಬರು ಸೆರೆ ಸಿಕ್ಕಾಗ, ಇವರನ್ನೂ ಮುಗಿಸದಿದ್ದರೆ ನಿಮಗೆ ಉಳಿಗಾಲವಿಲ್ಲ ಎಂದು ಬಂಟನೊಬ್ಬ ಒತ್ತಾಯಿಸಿದರೂ, ಒಂದೇ ಬೆಳಗಿನಲ್ಲಿ ಮೂರು ಹೆಣ ಬಿದ್ದಿವೆ, ಇನ್ನೂ ಕೂಡಿಸಲಾರೆ ಎಂದು ಅವರಿಗೆ ಪದವಿಗಳನ್ನು ಮರಳಿ ಕೊಟ್ಟು ಕಳುಹಿಸಿದನು. ಮರುವರ್ಷದ ಮೊದಲ ತಿಂಗಳಲ್ಲಿ ಆ ಇಬ್ಬರೇ ದೊರೆಯನ್ನು ಕೊಲ್ಲಿಸಿ, ಒಂದೇ ಒಂದು ರಥದ ಗೌರವದೊಡನೆ ಯೀಯ ಪೂರ್ವ ಬಾಗಿಲಿನ ಹೊರಗೆ ಹೂಳಿಸಿದರು. ಆಮೇಲೆ ಪಟ್ಟಕ್ಕೆ ಯಾರು? ರಾಜಕುಮಾರರಾರೂ ರಾಜ್ಯದಲ್ಲಿ ಇರಲಿಲ್ಲವಾದ್ದರಿಂದ ಝೌ ಅರಸನ ರಾಜಧಾನಿಯಲ್ಲಿ ಬೆಳೆಯುತ್ತಿದ್ದ ಹದಿನಾಲ್ಕು ವರ್ಷದ ಹುಡುಗನನ್ನು ಕರೆತರಬೇಕಾಯಿತು. ದಾವ್ ದೊರೆಯೆಂದು ಹೆಸರಾದ ಆ ಹುಡುಗ ಅಸಾಧಾರಣ ಚುರುಕಿನವನಾಗಿದ್ದು, ಹದಿನೈದು ವರ್ಷ ಜಿನ್‌ನ ಹಿರಿಮೆಯನ್ನು ಮತ್ತೆ ಎತ್ತಿ ಹಿಡಿದನು. ಆದರೆ ಆತ ಮಾಡಿದ್ದು ಮನೆತನಗಳ ನಡುವೆ ಹುದ್ದೆಗಳನ್ನು ಜಾಣತನದಿಂದ ತೂಗಿ ಹಂಚುವ ಕೆಲಸ, ಹುದ್ದೆಗಳನ್ನು ಮನೆತನಗಳಿಂದ ಬಿಡಿಸುವುದು ಆತನಿಂದಲೂ ಆಗಲಿಲ್ಲ.

ಇಲ್ಲಿಂದ ಮುಂದೆ ಹೋರಾಟ ದೊರೆಗೂ ಮಂತ್ರಿಗಳಿಗೂ ನಡುವಿನದಲ್ಲ, ಮನೆತನ ಮನೆತನಗಳ ನಡುವಿನದು. 550ರಲ್ಲಿ ಲುವಾನ್ ಮನೆತನ ನಿರ್ನಾಮವಾಯಿತು. 539ರಲ್ಲಿ ಚಿ ರಾಜ್ಯದ ಮಂತ್ರಿ ಯೆನ್ ಯಿಂಗ್ ಜಿನ್‌ಗೆ ಬಂದಾಗ ಜಿನ್‌ನ ಹಿರಿಯ ಅಧಿಕಾರಿ ಶೂ ಶಿಯಾಂಗ್ ಆಡಿದ ಮಾತುಗಳು ದಾಖಲಾಗಿವೆ: ದೊರೆಯ ರಥಗಳಿಗೆ ಸಾರಥಿಗಳಿಲ್ಲ, ದೊರೆಯ ಆಜ್ಞೆ ಕೇಳಿದರೆ ಜನ ದರೋಡೆಕೋರರನ್ನು ಕಂಡಂತೆ ಓಡುತ್ತಾರೆ, ಹಳೆಯ ಎಂಟು ಮನೆತನಗಳ ಸಂತತಿ ಆಳುಕಾಳುಗಳ ಮಟ್ಟಕ್ಕೆ ಇಳಿದಿದೆ. ಶೂ ಶಿಯಾಂಗ್‌ನ ಸ್ವಂತ ಮನೆತನವಾದ ಯಾಂಗ್‌ಷೆ 514ರಲ್ಲಿ ಅಳಿಯಿತು. ಅದರ ನೆಲವನ್ನು ಮೂರು ಜಿಲ್ಲೆಗಳಾಗಿಯೂ ಜೊತೆಗೆ ಅಳಿದ ಚೀ ಮನೆತನದ ನೆಲವನ್ನು ಏಳು ಜಿಲ್ಲೆಗಳಾಗಿಯೂ ವಿಂಗಡಿಸಿ ಅಧಿಕಾರಿಗಳನ್ನು ನೇಮಿಸಲಾಯಿತು. ನೇಮಿಸಿದವನು ದೊರೆಯಲ್ಲ, ವೇ ಮನೆತನದ ಮುಖ್ಯಸ್ಥ. ನೇಮಕವಾದವರಲ್ಲಿ ಝಾವೋ, ಹಾನ್, ವೇ, ಝಿ ಮನೆತನಗಳ ಮಕ್ಕಳೂ ಇದ್ದರು. ಉಳಿದದ್ದು ಫಾನ್, ಝೊಂಗ್‌ಹಾಂಗ್, ಝಿ, ಹಾನ್, ಝಾವೋ, ವೇ ಎಂಬ ಆರು ಮನೆತನಗಳು.

ದೊರೆಯನ್ನು ಬಿಟ್ಟು ಈ ಮನೆತನಗಳ ಹಿಂದೆ ಜನ ಏಕೆ ಹೋದರು? ಬರೀ ಬಲಾತ್ಕಾರದಿಂದ ಹೋದರೆನ್ನಲು ಆಧಾರವಿಲ್ಲ. ಮನೆತನಗಳು ಜನಬೆಂಬಲಕ್ಕಾಗಿ ಪೈಪೋಟಿಗಿಳಿದಿದ್ದವು. 1972ರಲ್ಲಿ ಶಾನ್‌ದೊಂಗ್ ಪ್ರಾಂತ್ಯದ ಸಮಾಧಿಯೊಂದರಲ್ಲಿ ಸಿಕ್ಕ ಬಿದಿರಿನ ಪಟ್ಟಿಗಳ ಬರಹವೊಂದರಲ್ಲಿ, ಜಿನ್‌ನ ಆರು ಮನೆತನಗಳಲ್ಲಿ ಮೊದಲು ಅಳಿಯುವುದು ಯಾವುದೆಂದು ವೂ ರಾಜ್ಯದ ಅರಸ ಯುದ್ಧತಂತ್ರಜ್ಞ ಸುನ್ ತ್ಸುವನ್ನು ಕೇಳುತ್ತಾನೆ. ಉತ್ತರ ಪೂರ್ತಿ ಭೂಮಿಯ ಅಳತೆಯ ಮೇಲೆ ನಿಂತಿದೆ. ಫಾನ್ ಮತ್ತು ಝೊಂಗ್‌ಹಾಂಗ್ 160 ಹೆಜ್ಜೆಗಳ ಅಳತೆಯನ್ನು ಒಂದು ಹೊಲವೆಂದು ಎಣಿಸಿ ಐದರಲ್ಲೊಂದು ಪಾಲು ಕಂದಾಯ ಎತ್ತುತ್ತವೆ, ಝಿ 180 ಹೆಜ್ಜೆಗಳನ್ನು, ಹಾನ್ ಮತ್ತು ವೇ 200 ಹೆಜ್ಜೆಗಳನ್ನು ಎಣಿಸುತ್ತವೆ, ಝಾವೋ 240 ಹೆಜ್ಜೆ ಕೊಟ್ಟು ಆ ಕಂದಾಯವನ್ನೂ ಎತ್ತುವುದಿಲ್ಲ. ಆದ್ದರಿಂದ ಅಳಿವೂ ಇದೇ ಕ್ರಮದಲ್ಲಿ ಬರುತ್ತದೆ, ರಾಜ್ಯ ಕೊನೆಗೆ ಝಾವೋಗೆ ಸೇರುತ್ತದೆ ಎನ್ನುತ್ತಾನೆ. ಮೊದಲ ಮೂರು ಮನೆತನಗಳ ವಿಷಯದಲ್ಲಿ ಭವಿಷ್ಯ ಕರಾರುವಾಕ್ಕಾಗಿ ನಿಜವಾಗಿ, ಅದರ ಮುಂದೆ ಸುಳ್ಳಾಗಿರುವುದನ್ನು ನೋಡಿದರೆ ಈ ಬರಹ ಎಂದು ಹುಟ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೂ ದೊಡ್ಡ ಹೊಲ, ಕಡಿಮೆ ಕಂದಾಯ ಕೊಟ್ಟವನೇ ಉಳಿಯುತ್ತಾನೆಂದು ಆ ಕಾಲದವರು ನಂಬಿದ್ದರೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇನ್ನೊಂದು ಸಾಕ್ಷಿ ಜಿನ್‌ನ ಕೊನೆಯ ರಾಜಧಾನಿಯಿದ್ದ ಹೌಮಾದಲ್ಲಿ 1965ರಲ್ಲಿ ನೆಲದೊಳಗಿಂದ ಬಂತು. ಕಲ್ಲು ಮತ್ತು ಹಸಿರುಶಿಲೆಯ ಐದು ಸಾವಿರಕ್ಕೂ ಹೆಚ್ಚು ಚೂರುಗಳು, ಅವುಗಳ ಮೇಲೆ ಬಹುಪಾಲು ಕೆಂಪು ಬಣ್ಣದ ಕುಂಚದಲ್ಲಿ ಬರೆದ ಪ್ರತಿಜ್ಞೆಗಳು. ಒಬ್ಬೊಬ್ಬ ವ್ಯಕ್ತಿಯೂ ತನ್ನ ಹೆಸರು ಹೇಳಿ, ಝಾವೋ ಮನೆತನದ ಮುಖ್ಯಸ್ಥನಿಗೆ ನಿಷ್ಠನಾಗಿರುತ್ತೇನೆ, ಹೊರದೂಡಲ್ಪಟ್ಟ ಇಂತಿಂಥ ಶತ್ರುಗಳನ್ನೂ ಅವರ ಸಂತತಿಯನ್ನೂ ಜಿನ್‌ನೊಳಗೆ ಮರಳಿ ಬಿಡೆನು, ತಪ್ಪಿದರೆ ಪೂರ್ವದ ದೊರೆಗಳ ಆತ್ಮಗಳು ನನ್ನ ವಂಶವನ್ನೇ ಅಳಿಸಲಿ ಎಂದು ಆಣೆಯಿಟ್ಟಿದ್ದಾನೆ. ದೊರೆಗಳ ಆತ್ಮಗಳನ್ನು ಸಾಕ್ಷಿಗೆ ಕರೆದು ಮಂತ್ರಿಗೆ ನಿಷ್ಠೆ ಒಪ್ಪಿಸುವ ಈ ವಿಚಿತ್ರವೇ ಆಗಿನ ಜಿನ್‌ನ ಸ್ಥಿತಿ.

ಹೌಮಾದ ಪ್ರತಿಜ್ಞೆಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಜೋಡಿಸುವುದು 497ರಲ್ಲಿ ಆರಂಭವಾದ ಅಂತರ್ಯುದ್ಧದೊಂದಿಗೆ. ಐನೂರು ಕುಟುಂಬಗಳನ್ನು ಒಪ್ಪಿಸುವ ವಿಷಯದಲ್ಲಿ ಝಾವೋ ಯಾಂಗ್ ತನ್ನದೇ ಮನೆತನದ ಹಾನ್‌ದಾನ್ ಶಾಖೆಯವನನ್ನು ಕೊಂದನು. ಸತ್ತವನ ನೆಂಟರಾದ ಝೊಂಗ್‌ಹಾಂಗ್, ಅವರ ನೆಂಟರಾದ ಫಾನ್ ಒಟ್ಟಾಗಿ ಝಾವೋ ಮೇಲೆ ಬಿದ್ದರು. ಆದರೆ ಅವರು ಬಳಿಕ ದೊರೆಯ ಮೇಲೆಯೇ ಕೈಮಾಡಿದಾಗ ರಾಜಧಾನಿಯ ಜನ ದೊರೆಯ ಪರ ನಿಂತರು, ಹಳೆಯ ಗೌರವ ಇನ್ನೂ ಅಷ್ಟು ಉಳಿದಿತ್ತು. 493ರ ತಿಯೆ ಯುದ್ಧದ ಮುನ್ನ ಝಾವೋ ಯಾಂಗ್ ಸೈನ್ಯದ ಮುಂದೆ ಸಾರಿದ ಮಾತು ಗಮನಾರ್ಹ: ಗೆದ್ದರೆ ಮೇಲಿನವರಿಗೆ ಜಿಲ್ಲೆಗಳು, ಯೋಧರಿಗೆ ಹೊಲಗಳು, ರೈತರಿಗೂ ಕುಶಲಕರ್ಮಿಗಳಿಗೂ ವ್ಯಾಪಾರಿಗಳಿಗೂ ಹುದ್ದೆಯ ಅವಕಾಶ, ತೊತ್ತುಗಳಿಗೆ ಬಿಡುಗಡೆ. 490ರ ಹೊತ್ತಿಗೆ ಫಾನ್, ಝೊಂಗ್‌ಹಾಂಗ್ ದೇಶ ಬಿಟ್ಟಿದ್ದವು. ಉಳಿದ ನಾಲ್ವರು ಅವರ ನೆಲ ಹಂಚಿಕೊಂಡಾಗ ಆಕ್ಷೇಪಿಸಿದ ಚೂ ದೊರೆಯನ್ನು ಅವರು ಓಡಿಸಿದರು, ಆತ ದಾರಿಯಲ್ಲೇ ಸತ್ತನು.

ನಾಲ್ವರಲ್ಲಿ ಬಲಿಷ್ಠನಾದ ಝಿ ಯಾವೋ ಉಳಿದವರಿಂದ ಒಂದೊಂದು ಊರು ಕೇಳಿದನು. ಹಾನ್, ವೇ ಕೊಟ್ಟವು. ಝಾವೋ ವೂಶೂ ಕೊಡದೆ ಉತ್ತರದ ಜಿನ್‌ಯಾಂಗ್ ಕೋಟೆ ಸೇರಿದನು. ಆ ಊರಿಗೆ ಹಿಂದೆ ಅಧಿಕಾರಿಯಾಗಿ ಹೋಗುವಾಗ ಯಿನ್ ದುವೋ ಎಂಬವನು, ಅದನ್ನು ರೇಷ್ಮೆಗೂಡಿನಂತೆ ನೂಲು ತೆಗೆಯಲು ಬಳಸಲೋ ಆಸರೆಯ ಗೋಡೆಯಾಗಿ ಬೆಳೆಸಲೋ ಎಂದು ಒಡೆಯನನ್ನು ಕೇಳಿ, ಗೋಡೆಯಾಗಲಿ ಎಂಬ ಉತ್ತರ ಪಡೆದು, ಕಂದಾಯದ ಕುಟುಂಬಗಳ ಲೆಕ್ಕವನ್ನೇ ಕಡಿಮೆ ಮಾಡಿದ್ದನೆಂದು ಕಥೆಯಿದೆ. ಮೂರು ಮನೆತನಗಳು ಕೂಡಿ ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ, ನದಿಯ ನೀರನ್ನು ತಿರುಗಿಸಿ ಬಿಟ್ಟವು. ಗೋಡೆಯ ತುದಿಯ ಕೆಲವೇ ಅಡಿ ಮುಳುಗದೆ ಉಳಿಯಿತು, ಜನ ಗಡಿಗೆಗಳನ್ನು ತೂಗುಹಾಕಿ ಅಡುಗೆ ಮಾಡಬೇಕಾಯಿತು, ಆದರೂ ಶರಣಾಗಲಿಲ್ಲ. ನೀರಿನಿಂದಲೂ ರಾಜ್ಯ ಕೆಡವಬಹುದೆಂದು ಇಂದು ತಿಳಿಯಿತು ಎಂದು ಝಿ ಯಾವೋ ಹಿಗ್ಗಿದಾಗ, ಜೊತೆಗಿದ್ದ ವೇ ಮುಖ್ಯಸ್ಥ ಹಾನ್ ಮುಖ್ಯಸ್ಥನನ್ನು ಮೊಣಕೈಯಿಂದ ತಿವಿದನಂತೆ, ಏಕೆಂದರೆ ಅವರಿಬ್ಬರ ಮುಖ್ಯ ಊರುಗಳ ಪಕ್ಕದಲ್ಲೂ ನದಿಗಳಿದ್ದವು. ಒಂದು ರಾತ್ರಿ ಝಾವೋ ದೂತ ಕೋಟೆಯಿಂದ ನುಸುಳಿ ಬಂದು ಇಬ್ಬರನ್ನೂ ಒಲಿಸಿದನು. ಒಡ್ಡು ಒಡೆದು ಅದೇ ನೀರನ್ನು ಝಿ ಪಾಳೆಯದ ಮೇಲೆ ಬಿಡಲಾಯಿತು. ಝಿ ಯಾವೋ ಸತ್ತನು, ಅವನ ಮನೆತನ ಅಳಿಯಿತು. ಇದು 453.

ನೀವು ಕೇಳಿದ ಎರಡು ವರ್ಷಗಳ ವ್ಯತ್ಯಾಸ ಇಲ್ಲಿದೆ. 453ರಲ್ಲಿ ರಾಜ್ಯ ನಿಜವಾಗಿ ಹಂಚಿಹೋಯಿತು. ಕೆಲವು ದಶಕಗಳಲ್ಲಿ ದೊರೆಯ ಕೈಯಲ್ಲಿ ಎರಡೇ ಊರು ಉಳಿದು, ಆತನೇ ತನ್ನ ಮಂತ್ರಿಗಳ ಆಸ್ಥಾನಕ್ಕೆ ಹೋಗಿ ಗೌರವ ಸಲ್ಲಿಸುವಂತಾಯಿತು. 403ರಲ್ಲಿ ಝೌ ಅರಸ ವೇಲಿಯೆ ಹಾನ್, ಝಾವೋ, ವೇ ಮುಖ್ಯಸ್ಥರನ್ನು ದೊರೆಗಳೆಂದು ಘೋಷಿಸಿದನು. ಕ್ರಿ.ಶ. ಹನ್ನೊಂದನೆಯ ಶತಮಾನದ ಇತಿಹಾಸಕಾರ ಸಿಮಾ ಗುವಾಂಗ್ ತನ್ನ ಬೃಹತ್ ಇತಿಹಾಸವನ್ನು ಇದೇ ವರ್ಷದಿಂದ ಆರಂಭಿಸಿ, ಅರಸನೇ ಮರ್ಯಾದೆಯ ಕಟ್ಟು ಮುರಿದನೆಂದು ದೂರುತ್ತಾನೆ. 678ರ ಮಾನ್ಯತೆಯನ್ನು ನೆನೆದರೆ ಆ ಕಟ್ಟು ಅಷ್ಟು ತಡವಾಗಿ ಮುರಿಯಿತೆಂದು ಒಪ್ಪುವುದು ನನಗೆ ಕಷ್ಟ. ಹೆಸರಿಗೆ ಉಳಿದಿದ್ದ ಕೊನೆಯ ದೊರೆಯನ್ನು 376ರಲ್ಲಿ ಸಾಮಾನ್ಯ ಪ್ರಜೆಯ ಸ್ಥಾನಕ್ಕೆ ಇಳಿಸಲಾಯಿತು.

ದಾಯಾದಿಗಳನ್ನು ಉಳಿಸಿಕೊಂಡಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಲು ರಾಜ್ಯ ಹೋಲಿಕೆಗೆ ಸಿಗುತ್ತದೆ. ಅಲ್ಲಿ ಅಧಿಕಾರ ಕಸಿದ ಮೂರು ಮನೆತನಗಳೂ ಹುವಾನ್ ದೊರೆಯ ಮಕ್ಕಳ ಸಂತತಿ. 562ರಲ್ಲಿ ಸೈನ್ಯವನ್ನು ಮೂರು ಪಾಲು ಮಾಡಿಕೊಂಡರು, 537ರಲ್ಲಿ ನಾಲ್ಕು ಮಾಡಿ ಜಿ ಮನೆತನ ಎರಡನ್ನು ಇಟ್ಟುಕೊಂಡಿತು. 517ರಲ್ಲಿ ಅವರ ಮೇಲೆ ಎರಗಿದ ಝಾವ್ ದೊರೆ ಸೋತು ದೇಶ ಬಿಟ್ಟು ಏಳು ವರ್ಷಗಳ ನಂತರ ಪರನೆಲದಲ್ಲಿ ಸತ್ತನು. ಆತನ ಮರಳುವಿಕೆಗೆ ಅಡ್ಡಿಯಾದವರಲ್ಲಿ ಜಿ ಮನೆತನದಿಂದ ಲಂಚ ಪಡೆದ ಜಿನ್‌ನ ಫಾನ್ ಮಂತ್ರಿಯೂ ಒಬ್ಬ. ಇಷ್ಟಾದರೂ ಜಿ ಮುಖ್ಯಸ್ಥ ತಾನೇ ಪಟ್ಟವೇರಲಿಲ್ಲ, ದೊರೆಯ ತಮ್ಮನನ್ನು ಕೂರಿಸಿದನು. ಒಂದೇ ಪಿತೃದೇವಾಲಯದ ಸಂತತಿಯಾದ ಮೂವರಲ್ಲಿ ಒಬ್ಬನು ಮೇಲೇರಲು ಉಳಿದಿಬ್ಬರು ಬಿಡುತ್ತಿರಲಿಲ್ಲ, ಆ ದೇವಾಲಯದ ಯಜಮಾನನನ್ನು ಕಿತ್ತರೆ ಅವರ ಸ್ವಂತ ಕುಲಗೌರವಕ್ಕೂ ಆಧಾರವಿರುತ್ತಿರಲಿಲ್ಲ. ಜಿನ್‌ನ ಝಾವೋ, ವೇ ಮನೆತನಗಳಿಗೆ, 672ರಲ್ಲಿ ನಿರಾಶ್ರಿತರಾಗಿ ಚಿ ರಾಜ್ಯಕ್ಕೆ ಬಂದು 386ರಲ್ಲಿ ಅಲ್ಲಿನ ದೊರೆತನವನ್ನೇ ಪಡೆದ ತಿಯೆನ್ ಮನೆತನಕ್ಕೆ, ಅಂಥ ಹಂಗು ಇರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ತಾವು ಹತ್ತಿ ಬಂದ ಏಣಿ ಹೊಸ ದೊರೆಗಳಿಗೆ ಪರಿಚಿತವಾಗಿತ್ತು. ವೇ ರಾಜ್ಯದ ವೆನ್ ದೊರೆ (ಆಳ್ವಿಕೆ 445ರಿಂದ 396) ಲೀ ಕ್ವೇ, ವೂ ಚಿ, ಶಿಮೆನ್ ಬಾವ್ ಮೊದಲಾದ, ದೊಡ್ಡ ಮನೆತನದ ಬಲವಿಲ್ಲದವರನ್ನು ಹುಡುಕಿ ಕೆಲಸ ಕೊಟ್ಟನು. ಜಿಲ್ಲೆಗಳಿಗೆ ಧಾನ್ಯದ ಸಂಬಳ ಪಡೆಯುವ, ಬೇಕೆಂದಾಗ ತೆಗೆದುಹಾಕಬಹುದಾದ ಅಧಿಕಾರಿಗಳು ಬಂದರು. ಸೈನ್ಯ ಕದಲಬೇಕಾದರೆ ದಂಡನಾಯಕನ ಬಳಿಯ ಅರ್ಧ ಲಾಂಛನಕ್ಕೆ ದೊರೆಯ ಬಳಿಯ ಅರ್ಧ ಕೂಡಬೇಕಾಯಿತು. 257ರಲ್ಲಿ ಝಾವೋ ರಾಜಧಾನಿ ಹಾನ್‌ದಾನ್ ಅನ್ನು ಚಿನ್ ರಾಜ್ಯ ಮುತ್ತಿದಾಗ, ವೇ ಅರಸನ ಮಲತಮ್ಮ ವುಜಿ ನೆರವಿಗೆ ಹೋಗಬಯಸಿದನು. ನಾಡಿನಲ್ಲೇ ಹೆಸರಾಂತನಾಗಿದ್ದ, ಸಾವಿರಾರು ಆಶ್ರಿತರನ್ನು ಸಾಕುತ್ತಿದ್ದ ಆತನಿಗೂ ಸೈನ್ಯವನ್ನು ಕದಲಿಸಲು ಅರಸನ ಮಲಗುವ ಕೋಣೆಯಿಂದ ರಾಣಿವಾಸದವಳೊಬ್ಬಳ ಕೈಯಲ್ಲಿ ಹುಲಿಯಾಕಾರದ ಲಾಂಛನವನ್ನು ಕದಿಸಬೇಕಾಯಿತು. ಅದನ್ನು ಕಂಡ ಮೇಲೂ ದಂಡನಾಯಕ ಸಂಶಯಪಟ್ಟಿದ್ದರಿಂದ ಅವನನ್ನು ಅಲ್ಲೇ ಕೊಲ್ಲಿಸಬೇಕಾಯಿತು. ಹಾನ್‌ದಾನ್ ಉಳಿಯಿತು, ವುಜಿ ಮಾತ್ರ ಅರಸನ ಕೋಪಕ್ಕೆ ಹೆದರಿ ಹತ್ತು ವರ್ಷ ಝಾವೋದಲ್ಲೇ ಉಳಿದನು.